ದಿಮ್ಮಿರಾಶಿ ನೋಡಿ ಗಾಳ ಹಾಕಿ: ಕಾನ್ಸಾಸ್ ನದಿಯ ದೊಡ್ಡ ಫ್ಲ್ಯಾಟ್‌ಹೆಡ್‌ಗಳು

ಕೋಳಿ ಲಿವರ್, ನಾರುವ ಚೀಸ್ ಉಂಡೆ, ಡಬ್ಬಿಯಲ್ಲಿ ಸಿಗುವ ಕೊಳೆತ ವಾಸನೆಯ ಹಿಟ್ಟು, ಇವನ್ನೆಲ್ಲ ಮೊದಲು ಪಕ್ಕಕ್ಕಿಡಿ. ಅವು ಚಾನೆಲ್ ಕ್ಯಾಟ್‌ಫಿಶ್‌ಗೆ ಸರಿ. ಅದೇ ಕ್ಯಾಟ್‌ಫಿಶ್ ಬಳಗದ ಫ್ಲ್ಯಾಟ್‌ಹೆಡ್ ದಾರಿಯೇ ಬೇರೆ. ಮರಿಯಾಗಿದ್ದಾಗ ಹುಳ, ಸಿಗಡಿ ತಿಂದುಕೊಂಡಿರುವ ಈ ಮೀನು ಬೆಳೆದ ಮೇಲೆ ಹೆಚ್ಚುಕಡಿಮೆ ಜೀವಂತ ಮೀನನ್ನೇ ನುಂಗಿ ಬದುಕುತ್ತದೆ. ಸತ್ತದ್ದನ್ನು ಮುಟ್ಟುವುದೇ ಇಲ್ಲ ಅಂತಲ್ಲ, ಆದರೆ ದೊಡ್ಡದು ಬೇಕು ಅನ್ನುವವರು ಅದನ್ನು ನಂಬಿ ಕೂರಬಾರದು.

ನಾನಿರುವುದು ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್‌ನಲ್ಲಿ. ಕಾನ್ಸಾಸ್ ನದಿ, ಇಲ್ಲಿಯವರ ಬಾಯಲ್ಲಿ ಬರೀ ‘ಕಾ’, ಮನೆಯಿಂದ ಹತ್ತು ನಿಮಿಷದ ದಾರಿ. ವೀಕೆಂಡ್ ಬಂತೆಂದರೆ ನಮ್ಮ ಕಡೆಯ ಹುಡುಗರು ಒಂದಿಬ್ಬರು ಹೊಸ ರಾಡ್ ಹಿಡಿದು ಬರುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಮರಳ ದಿಣ್ಣೆ ಮೇಲೆ ಕುರ್ಚಿ ಹಾಕಿ, ಕೈಲಾದಷ್ಟು ದೂರ, ನಡುನದಿಗೆ ಎಸೆದು, ಸಂಜೆವರೆಗೆ ಫೋನ್ ನೋಡುತ್ತ ಕೂತು, ಈ ಹೊಳೆಯಲ್ಲಿ ಮೀನೇ ಇಲ್ಲ ಅಂತ ಹೊರಡುತ್ತಾರೆ. ಮೀನು ಅವರು ಕೂತ ಜಾಗದ ಎದುರು ದಡದಲ್ಲಿ, ಮುಳುಗಿದ ಮರದ ಬುಡದಲ್ಲಿ, ಕತ್ತಲಾಗುವುದನ್ನೇ ಕಾಯುತ್ತಿರುತ್ತದೆ. ಒಬ್ಬೊಬ್ಬರಿಗೇ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಗುರುತು ಸುಲಭ. ಚಪ್ಪಟೆ ತಲೆ, ಮೇಲ್ದವಡೆಗಿಂತ ಮುಂದಕ್ಕೆ ಚಾಚಿದ ಕೆಳದವಡೆ, ಹಳದಿ-ಕಂದು ಮೈಮೇಲೆ ಮಚ್ಚೆ ಮಚ್ಚೆ. ಚಾನೆಲ್, ಬ್ಲೂ ಎಂಬ ಇನ್ನೆರಡು ಕ್ಯಾಟ್‌ಫಿಶ್‌ಗಳ ಬಾಲ ಕವಲೊಡೆದಿರುತ್ತದೆ, ಇದರದ್ದು ಹೆಚ್ಚುಕಡಿಮೆ ನೇರ. ಮಿಸಿಸಿಪಿ, ಮಿಸೌರಿ, ಒಹಾಯೊ ನದಿಗಳ ಹರಹು ಇದರ ಮೂಲ ಮನೆ. ಗಾಳಕ್ಕೆ ಬಿದ್ದ ವಿಶ್ವದಾಖಲೆಯ ಫ್ಲ್ಯಾಟ್‌ಹೆಡ್ ನಮ್ಮ ರಾಜ್ಯದ್ದೇ: 1998ರ ಮೇ ತಿಂಗಳಲ್ಲಿ ಎಲ್ಕ್ ಸಿಟಿ ಜಲಾಶಯದಲ್ಲಿ ಸಿಕ್ಕಿದ್ದು, 123 ಪೌಂಡ್. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊಳೆಗೆ ಬರಬೇಡಿ. ಹೊಳೆಯಲ್ಲಿ 20 ಪೌಂಡಿನದ್ದು ಒಳ್ಳೆಯ ಮೀನು, 40 ದಾಟಿದರೆ ದೊಡ್ಡದು, 50 ದಾಟಿದರೆ ಊರಿಗೆಲ್ಲ ಫೋಟೊ ಕಳಿಸಬಹುದು.

ಈಗ ಮುಖ್ಯ ವಿಷಯ, ಜಾಗ. ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ಕೆಲಸ ಇದೇ. ರಾಡ್, ರೀಲ್, ದಾರದ ಬಗ್ಗೆ ಜನ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ಸರಿಯಾದ ದಿಮ್ಮಿರಾಶಿಯ (ನೀರಿಗೆ ಬಿದ್ದು ಸಿಕ್ಕಿಕೊಂಡ ಮರಗಳ ರಾಶಿ) ಮುಂದೆ ಸಾಧಾರಣ ರಾಡೂ ನಡೆಯುತ್ತದೆ. ತಪ್ಪು ಜಾಗದಲ್ಲಿ ಯಾವ ರಾಡೂ ಉಪಯೋಗಕ್ಕಿಲ್ಲ.

ದೊಡ್ಡ ಫ್ಲ್ಯಾಟ್‌ಹೆಡ್ ಒಂಟಿ ಪ್ರಾಣಿ. ಬೇಸಿಗೆಯಲ್ಲಿ ಒಂದು ಮಡು, ಒಂದು ಮರದ ರಾಶಿ ಹಿಡಿದುಕೊಂಡು ಹಗಲೆಲ್ಲ ಅದರೊಳಗೆ ಮಲಗಿರುತ್ತದೆ. ಕಾ ನದಿ ಮರಳಿನ ಹೊಳೆ. ಅರ್ಧಕ್ಕರ್ಧ ಕಡೆ ಮೊಣಕಾಲುದ್ದ ನೀರಿನಲ್ಲಿ ನಡೆದೇ ದಾಟಬಹುದು. ಹಾಗಿರುವಾಗ ಆಳವಿರುವ ಜಾಗ ಕಡಿಮೆ, ಆಳವೂ ಮರವೂ ಒಟ್ಟಿಗೆ ಇರುವ ಜಾಗ ಇನ್ನೂ ಕಡಿಮೆ. ಇದು ನಮಗೆ ಅನುಕೂಲವೇ. ಹುಡುಕಬೇಕಾದ ನೀರು ಅಷ್ಟರಮಟ್ಟಿಗೆ ಕಡಿಮೆಯಾಯಿತಲ್ಲ.

ಆಗಸ್ಟ್ ಕೊನೆಯಲ್ಲಿ ನೀರು ಇಳಿದಾಗ ಹಗಲಲ್ಲಿ ಗಾಳವಿಲ್ಲದೆ ಒಂದು ಸುತ್ತು ಹೋಗಿ. ದೋಣಿಯೋ ಕಯಾಕೋ ಸಾಕು. ತಿರುವಿನ ಹೊರಬದಿಗೆ ನೋಡಿ. ನೀರು ದಡಕ್ಕೆ ಗುದ್ದಿ ಕೊರೆಯುವ ಕಡೆ ಆಳ ಇರುತ್ತದೆ, ದಡ ಕುಸಿದು ಮರ ಬೀಳುವುದೂ ಅಲ್ಲೇ. ಬಿದ್ದ ಮರವೆಲ್ಲ ಕೆಲಸಕ್ಕೆ ಬರುವುದಿಲ್ಲ. ನೀರಿನ ಮೇಲೆ ತೇಲಾಡುವ ಸಣ್ಣ ಕೊಂಬೆ, ಕಸಕಡ್ಡಿಯ ರಾಶಿ ನೋಡುವುದಕ್ಕೆ ಭರ್ಜರಿ ಇರುತ್ತದೆ, ಕೆಳಗೆ ಖಾಲಿ. ತಳಕ್ಕೆ ಕೂತ ದಪ್ಪ ದಿಮ್ಮಿ ಬೇಕು, ಅದರ ಮುಂದೆ ಏಳೆಂಟು ಅಡಿಗೆ ಕಡಿಮೆಯಿಲ್ಲದ ನೀರು ಬೇಕು, ಹತ್ತಿರದಲ್ಲೇ ರಾತ್ರಿ ಬೇಟೆಗೆ ಹೋಗಲು ತೆಳು ನೀರೂ ಇರಬೇಕು. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಮಲಗುವ ಮನೆ ಇದ್ದರೆ ಸಾಲದು, ಅಡುಗೆಮನೆಯೂ ಪಕ್ಕದಲ್ಲಿರಬೇಕು.

ನನಗೆ ಗೊತ್ತಿರುವ ಒಂದು ಜಾಗ ವಿವರಿಸುತ್ತೇನೆ, ಎಲ್ಲಿ ಅಂತ ಕೇಳಬೇಡಿ. ದೊಡ್ಡ ಕಾಟನ್‌ವುಡ್ ಮರವೊಂದು ಬುಡಸಮೇತ ಕಿತ್ತು ಬಿದ್ದಿದೆ. ಬೇರಿನ ಬುಡ ಹರಿವಿಗೆ ಎದುರಾಗಿ, ಕೊಂಬೆಗಳು ಕೆಳಗಿನ ದಿಕ್ಕಿಗೆ. ಬೇರಿಗೆ ಬಡಿದ ನೀರು ಕೆಳಕ್ಕೆ ತಿರುಗಿ ತಳದ ಮರಳನ್ನು ಕೊರೆದು ಹಾಕಿದೆ. ಬೇರಿನ ಮುಂದೆ ಹನ್ನೊಂದು ಅಡಿ, ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆ ಮೊಣಕಾಲುದ್ದ. ಪ್ರತಿ ನೆರೆಯಲ್ಲೂ ಇನ್ನೊಂದಿಷ್ಟು ದಿಮ್ಮಿ ಬಂದು ಸಿಕ್ಕಿಕೊಂಡು ಒಳಗೆ ಗುಹೆಯ ಹಾಗೆ ಆಗಿದೆ. ನೀರಿನ ಮೇಲ್ಮೈ ನೋಡಿದರೆ ಬೇರಿನ ಎರಡೂ ಬದಿಯಲ್ಲಿ ಹರಿವು ನುಣ್ಣಗೆ ಜಾರುತ್ತದೆ, ಹಿಂದೆ ಸೆಳೆತ ಸತ್ತು ನೊರೆ ನಿಧಾನಕ್ಕೆ ತಿರುಗುತ್ತಿರುತ್ತದೆ. ಈ ಎರಡರ ನಡುವಿನ ಗೆರೆ ಕಣ್ಣಿಗೆ ಕಾಣುತ್ತದೆ. ಹಗಲಲ್ಲಿ ಹಾಕುವುದಿದ್ದರೆ ಆ ಗೆರೆಯ ಮೇಲೆ, ಬೇರಿನ ಮುಂದೆ, ಒಂದೆರಡು ಅಡಿಯೊಳಗೆ ಎರೆ ಬೀಳಬೇಕು. ಹಗಲಲ್ಲಿ ಅದು ಎದ್ದು ಬಂದು ತಿನ್ನುವುದಿಲ್ಲ, ಬಾಯಿ ಮುಂದೆ ಇಡಬೇಕು.

ರಾತ್ರಿಯ ಲೆಕ್ಕ ಬೇರೆ. ಕತ್ತಲಾದ ಮೇಲೆ ಮೀನು ರಾಶಿಯಿಂದ ಹೊರಬಿದ್ದು ಮಡುವಿನ ತಲೆಯ ಕಡೆ, ಅಂದರೆ ತೆಳುನೀರು ಆಳಕ್ಕೆ ಇಳಿಯುವ ಅಂಚಿಗೆ ಬರುತ್ತದೆ. ಮರಳ ದಿಣ್ಣೆಯ ಪಕ್ಕದಲ್ಲಿ ಎರಡು ಅಡಿ ನೀರಿನಲ್ಲೂ ದೊಡ್ಡ ಮೀನು ಓಡಾಡುತ್ತದೆ. ನಂಬುವುದು ಕಷ್ಟ, ಆದರೆ ಟಾರ್ಚ್ ಬಿಟ್ಟು ನೋಡಿದರೆ ಬೆನ್ನು ಕಾಣುವಷ್ಟು ತೆಳುನೀರು. ಹಾಗಾಗಿ ನಾನು ಒಂದು ರಾಡನ್ನು ರಾಶಿಯ ಮುಂದೆಯೂ, ಇನ್ನೊಂದನ್ನು ಆ ಇಳಿಜಾರಿನ ಅಂಚಿನಲ್ಲೂ ಇಡುತ್ತೇನೆ. ಕತ್ತಲಾದ ಮೊದಲ ಎರಡು ಗಂಟೆ, ಮತ್ತೆ ಬೆಳಕು ಹರಿಯುವ ಮುಂಚಿನ ಒಂದು ಗಂಟೆ ಅತ್ಯುತ್ತಮ. ನಡುರಾತ್ರಿಯಲ್ಲಿ ನಾನು ಚಹಾ ಕುಡಿಯುತ್ತೇನೆ, ಸುಳ್ಳೇಕೆ.

ಎಷ್ಟು ಹೊತ್ತು ಕಾಯಬೇಕು? ಹಗಲಲ್ಲಿ ಒಂದು ರಾಶಿಗೆ ಮುಕ್ಕಾಲು ಗಂಟೆ, ಏನೂ ಆಗದಿದ್ದರೆ ಮುಂದಿನದಕ್ಕೆ. ರಾತ್ರಿಯಾದರೆ ಒಂದೂವರೆ, ಎರಡು ಗಂಟೆ ಕೊಡಿ, ಏಕೆಂದರೆ ಆಗ ಅದೇ ನಿಮ್ಮನ್ನು ಹುಡುಕಿಕೊಂಡು ಬರಬಹುದು.

ಸದ್ದು ಮಾಡಬೇಡಿ. ಕ್ಯಾಟ್‌ಫಿಶ್‌ಗೆ ಕಣ್ಣು ಸಣ್ಣದಾದರೂ ಕಿವಿ ಬಲು ಚುರುಕು. ಅದರ ಗಾಳಿಚೀಲಕ್ಕೂ ಒಳಗಿವಿಗೂ ನಡುವೆ ಸಣ್ಣ ಮೂಳೆಗಳ ಸರಪಳಿ ಇದೆ, ನೀರಿನ ಕಂಪನ ನೇರ ಒಳಕ್ಕೆ ಹೋಗುತ್ತದೆ. ಅಲ್ಯೂಮಿನಿಯಂ ದೋಣಿಯ ತಳಕ್ಕೆ ಸೀಸದ ಗುಂಡು ಬೀಳಿಸಿದರೆ ಮಡುವಿಗೆಲ್ಲ ಡಂಗುರ ಹೊಡೆದಂತೆಯೇ. ರಾಶಿಗೆ ನಲವತ್ತು, ಐವತ್ತು ಅಡಿ ಮೇಲೆ ಹರಿವಿನಲ್ಲಿ ಲಂಗರು ಮೆಲ್ಲಗೆ ಇಳಿಬಿಟ್ಟು ಕೆಳಕ್ಕೆ ಎಸೆಯಿರಿ. ಲಂಗರು ಯಾವತ್ತೂ ದೋಣಿಯ ಮೂತಿಗೆ ಕಟ್ಟಿ, ಹಿಂಬದಿಗೆ ಕಟ್ಟಿದರೆ ಹರಿವಿನಲ್ಲಿ ದೋಣಿಯೊಳಗೆ ನೀರು ನುಗ್ಗುತ್ತದೆ. ದೋಣಿ ದಿಮ್ಮಿಗೆ ಅಡ್ಡಡ್ಡ ಸಿಕ್ಕಿಕೊಂಡರೆ ಹರಿವು ಅದನ್ನು ಮಗುಚುತ್ತದೆ, ಮಗುಚಿದವರನ್ನು ರಾಶಿಯೊಳಕ್ಕೆ ಎಳೆಯುತ್ತದೆ. ರಾತ್ರಿ ಲೈಫ್ ಜಾಕೆಟ್ ಹಾಕದೆ ಬರುವವರ ಜೊತೆ ನಾನು ಹೋಗುವುದಿಲ್ಲ.

ಎರೆ. ನನ್ನ ಮೊದಲ ಆಯ್ಕೆ ಗ್ರೀನ್ ಸನ್‌ಫಿಶ್ ಎಂಬ ಸಣ್ಣ ಮೀನು, ಐದಾರು ಇಂಚಿನದು. ಗಟ್ಟಿ ಪ್ರಾಣ, ಗಾಳದಲ್ಲಿ ಗಂಟೆಗಟ್ಟಲೆ ಒದ್ದಾಡುತ್ತದೆ, ಮತ್ತು ಆ ಒದ್ದಾಟವೇ ಫ್ಲ್ಯಾಟ್‌ಹೆಡ್‌ಗೆ ಕರೆ. ಅದೇ ಜಾತಿಯ ಬ್ಲೂಗಿಲ್ ಎರಡನೆಯದು, ಬೇಗ ಸುಸ್ತಾಗುತ್ತದೆ. ಬುಲ್‌ಹೆಡ್ ಎಂಬ ಸಣ್ಣ ಕ್ಯಾಟ್‌ಫಿಶ್ ಎಲ್ಲಕ್ಕಿಂತ ಗಟ್ಟಿ. ಗಾರ್ ಮೀನು, ಆಮೆಗಳ ಕಾಟ ಇರುವ ಕಡೆ ನಾನು ಬುಲ್‌ಹೆಡ್ಡನ್ನೇ ಹಾಕುವುದು, ಮುಳ್ಳು ಇರುವುದರಿಂದ ಅವು ಅಷ್ಟು ಸುಲಭಕ್ಕೆ ಕೈ ಹಾಕುವುದಿಲ್ಲ. ಅಂಗೈಯಗಲ ಎರೆ ನೋಡಿ ಹೊಸಬರು ಹೆದರುತ್ತಾರೆ. ಹತ್ತು ಪೌಂಡಿನ ಫ್ಲ್ಯಾಟ್‌ಹೆಡ್ಡೂ ಅದನ್ನು ಸಲೀಸಾಗಿ ನುಂಗುತ್ತದೆ, ಬಾಯಿ ಅಷ್ಟಿದೆ.

ಸನ್‌ಫಿಶ್ ಹಿಡಿಯುವುದು ಮಕ್ಕಳ ಕೆಲಸ. ಗದ್ದೆ ಕೆರೆಯಲ್ಲಿ ಮಾಲೀಕರ ಅನುಮತಿ ಪಡೆದು, ಸಣ್ಣ ಗಾಳ, ಒಂದು ತುಂಡು ಎರೆಹುಳು, ಬೆಂಡು. ಕಷ್ಟ ಇರುವುದು ಜೀವ ಉಳಿಸುವುದರಲ್ಲಿ. ಕೂಲರ್‌ಗೆ ಆ ಕೆರೆಯ ನೀರನ್ನೇ ತುಂಬಿ. ನಲ್ಲಿ ನೀರಿನ ಕ್ಲೋರಿನ್‌ಗೆ ಸತ್ತುಹೋಗುತ್ತವೆ. ಬ್ಯಾಟರಿಯ ಗಾಳಿ ಪಂಪ್ ಹಾಕಿ, ಹತ್ತು ಹನ್ನೆರಡಕ್ಕಿಂತ ಹೆಚ್ಚು ತುರುಕಬೇಡಿ. ಸೆಕೆ ಇದ್ದರೆ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ಮಂಜುಗಡ್ಡೆ ಮುಚ್ಚಳ ಬಿಗಿದು ಒಳಗಿಡಿ.

ಎರೆಯ ವಿಷಯದಲ್ಲಿ ಕಾನೂನು ರಾಜ್ಯಕ್ಕೊಂದು ಥರ. ಕಾನ್ಸಾಸ್‌ನಲ್ಲಿ ಜೀಬ್ರಾ ಮಸಲ್, ಸಿಲ್ವರ್ ಕಾರ್ಪ್‌ನಂಥ ಬೇಡದ ಜೀವಿ ಸೇರಿಕೊಂಡ ನೀರಿನಿಂದ ಎರೆಮೀನನ್ನು ಜೀವಂತ ಹೊರಕ್ಕೆ ಒಯ್ಯುವಂತಿಲ್ಲ, ಕಾ ನದಿಯೂ ಆ ಪಟ್ಟಿಯಲ್ಲಿದೆ. ಬೇರೆ ರಾಜ್ಯಗಳಲ್ಲಿ ಸನ್‌ಫಿಶ್ಶನ್ನೇ ಎರೆಯಾಗಿ ಬಳಸಬಾರದೆಂಬ ನಿಯಮವೂ ಇರಬಹುದು. ಆ ವರ್ಷದ ನಿಯಮದ ಪುಸ್ತಿಕೆ ಓದಿಯೇ ಹೊರಡಿ. ಇನ್ನೊಂದು ಮಾತು: ಕಾನ್ಸಾಸ್‌ನಲ್ಲಿ ಸಾರ್ವಜನಿಕ ನದಿ ಅಂತ ಇರುವುದು ಮೂರೇ, ಕಾನ್ಸಾಸ್, ಅರ್ಕಾನ್ಸಾಸ್, ಮಿಸೌರಿ. ಉಳಿದ ಹೊಳೆಗಳ ತಳವೂ ದಡವೂ ಬಹುತೇಕ ಖಾಸಗಿ ಜಮೀನು. ಕೇಳದೆ ಇಳಿದರೆ ರೈತ ಬಂದು ವಿಚಾರಿಸುತ್ತಾನೆ, ಆತನದ್ದು ತಪ್ಪಲ್ಲ.

ಸಲಕರಣೆ ಬೇಗ ಮುಗಿಸುತ್ತೇನೆ. ಏಳೂವರೆ, ಎಂಟು ಅಡಿಯ ಹೆವಿ ರಾಡ್. ಮೀನು ದಾರ ಎಳೆದಾಗ ಸದ್ದು ಮಾಡುವ ಕ್ಲಿಕ್ಕರ್ ಇರುವ ಬೇಟ್‌ಕಾಸ್ಟರ್ ರೀಲ್, 6500 ಸೈಜಿನದು. 65 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ) ದಾರ, ಮರ ದಟ್ಟವಾಗಿದ್ದರೆ 80. ಬ್ರೇಡ್‌ಗೆ ಜಾರುವ ಚಪ್ಪಟೆ ಸೀಸ ಪೋಣಿಸಿ, ಮರಳಿನ ಮೇಲೆ ಉರುಳದ ಬಗೆಯದು, ಹರಿವು ನೋಡಿ ಮೂರರಿಂದ ಐದು ಔನ್ಸ್. ಅದರ ಕೆಳಗೆ ಒಂದು ಮಣಿ, ಗಟ್ಟಿ ಸ್ವಿವೆಲ್ (ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ), ಆಮೇಲೆ 50 ಪೌಂಡಿನ ಮೋನೊ ಲೀಡರ್ (ಗಾಳ ಕಟ್ಟುವ ಒಂಟಿ ಎಳೆಯ ತುಂಡು ದಾರ), ತುದಿಗೆ 8/0 ಅಥವಾ 10/0 ಸೈಜಿನ, ಮೊನೆ ಒಳಕ್ಕೆ ಬಾಗಿದ ಸರ್ಕಲ್ ಗಾಳ. ಲೀಡರ್ ಮುಖ್ಯ ದಾರಕ್ಕಿಂತ ಬಲದಲ್ಲಿ ಕಡಿಮೆ ಇರಲಿ. ಕಿತ್ತುಹೋದರೆ ಗಾಳದ ಹತ್ತಿರವೇ ಕಿತ್ತುಹೋಗುತ್ತದೆ, ಮೀನು ಗಜಗಟ್ಟಲೆ ಬ್ರೇಡ್ ಎಳೆದುಕೊಂಡು ಮರಕ್ಕೆ ಸುತ್ತಿಕೊಂಡು ಸಾಯುವುದಿಲ್ಲ.

ಲೀಡರ್ ಉದ್ದದ ಬಗ್ಗೆ ಮಾತ್ರ ಹಟ ಹಿಡಿಯುತ್ತೇನೆ. ಎಂಟು ಇಂಚು, ಹೆಚ್ಚೆಂದರೆ ಒಂದು ಅಡಿ. ಎರಡು ಮೂರು ಅಡಿ ಬಿಟ್ಟರೆ ಸನ್‌ಫಿಶ್ ಮಾಡುವ ಮೊದಲ ಕೆಲಸ ಹತ್ತಿರದ ಕೊಂಬೆಯ ಸುತ್ತ ಎರಡು ಸುತ್ತು ಹಾಕಿ ಬಚ್ಚಿಟ್ಟುಕೊಳ್ಳುವುದು. ಅದಕ್ಕೂ ಫ್ಲ್ಯಾಟ್‌ಹೆಡ್ ಇರುವುದು ಗೊತ್ತು ನೋಡಿ. ಗಿಡ್ಡ ಲೀಡರ್‌ನಲ್ಲಿ ಕಟ್ಟಿದ ಎರೆ ಓಡಲಾಗದೆ ಅಲ್ಲೇ ಬಡಿದುಕೊಳ್ಳುತ್ತದೆ. ಹರಿವು ಜೋರಿದ್ದರೆ ಗಾಳವನ್ನು ಎರಡೂ ತುಟಿಗೆ ಚುಚ್ಚಿ, ನಿಂತ ನೀರಾದರೆ ಬೆನ್ನುರೆಕ್ಕೆಯ ಹಿಂದೆ, ಬೆನ್ನೆಲುಬಿಗಿಂತ ಮೇಲೆ. ಎರಡರಲ್ಲೂ ಗಾಳದ ಮೊನೆ ಪೂರ್ತಿ ಹೊರಗೆ ಇರಬೇಕು. ಸರ್ಕಲ್ ಗಾಳದ ಬಾಯಿ ಮಾಂಸದಲ್ಲಿ ಮುಚ್ಚಿಹೋದರೆ ಅದು ಮೀನಿನ ದವಡೆಗೆ ಹಿಡಿಯುವುದಿಲ್ಲ.

ಇನ್ನು ಕಚ್ಚುವುದು. ರಾಡ್‌ಸ್ಟ್ಯಾಂಡ್ ಗಟ್ಟಿಯಾಗಿರಲಿ. ಮರಳಿಗೆ ಚುಚ್ಚಿದ ಕವೆಗೋಲು ಸಾಲದು, ರಾಡ್ ಸಮೇತ ಹೋಗುತ್ತದೆ. ರಾಡ್ ತುದಿಯನ್ನೇ ನೋಡುತ್ತಿದ್ದರೆ ಮೊದಲು ಎರೆ ಗಾಬರಿಯಾದದ್ದು ಗೊತ್ತಾಗುತ್ತದೆ: ಇಷ್ಟು ಹೊತ್ತು ನಿಧಾನಕ್ಕೆ ಟಕ್ ಟಕ್ ಅನ್ನುತ್ತಿದ್ದ ತುದಿ ಇದ್ದಕ್ಕಿದ್ದಂತೆ ಸಣ್ಣಗೆ ನಡುಗತೊಡಗುತ್ತದೆ. ಹತ್ತಿರ ಏನೋ ಬಂದಿದೆ ಅಂತ. ಆಗ ಮುಟ್ಟಬೇಡಿ. ಕೆಲವು ಸಲ ಅಷ್ಟಕ್ಕೇ ನಿಲ್ಲುತ್ತದೆ. ಕೆಲವು ಸಲ ಒಂದು ಗುದ್ದು, ಆಮೇಲೆ ರಾಡ್ ನಿಧಾನವಾಗಿ, ಅವಸರವೇ ಇಲ್ಲದೆ, ನೀರಿನ ಕಡೆಗೆ ಬಾಗುತ್ತ ಹೋಗುತ್ತದೆ. ಸರ್ಕಲ್ ಗಾಳ ಇದ್ದರೆ ಜಗ್ಗಬೇಡಿ. ಅಭ್ಯಾಸಬಲದಿಂದ ಕೈ ತಾನೇ ಮೇಲಕ್ಕೆ ಹೋಗುತ್ತದೆ, ತಡೆಯಿರಿ. ರಾಡ್ ಪೂರ್ತಿ ಬಾಗಿ ಭಾರ ನಿಂತ ಮೇಲೆ ಸ್ಟ್ಯಾಂಡಿನಲ್ಲಿರುವಾಗಲೇ ರೀಲ್ ಸುತ್ತುತ್ತ ಕೈಗೆತ್ತಿಕೊಳ್ಳಿ. ಗಾಳ ಬಾಯಿಯ ಮೂಲೆಗೆ ತಾನೇ ಜಾರಿ ಕೂರುತ್ತದೆ.

ಮೊದಲ ಹತ್ತು ಸೆಕೆಂಡಿನಲ್ಲಿ ಎಲ್ಲ ತೀರ್ಮಾನವಾಗುತ್ತದೆ. ಅದಕ್ಕೆ ಒಂದೇ ಯೋಚನೆ, ವಾಪಸ್ ಮರದೊಳಕ್ಕೆ. ಹಾಗಾಗಿ ರಾಶಿಯ ಹತ್ತಿರ ಡ್ರ್ಯಾಗ್ (ರೀಲ್ ದಾರ ಬಿಡುವುದನ್ನು ತಡೆಯುವ ಬಿರಿ) ಪೂರ್ತಿ ಬಿಗಿದಿರಬೇಕು, ಒಂದು ಇಂಚು ದಾರವನ್ನೂ ಬಿಡಬಾರದು. ನಡುನೀರಿಗೆ ಎಳೆದು ತಂದ ಮೇಲೆ ಸ್ವಲ್ಪ ಸಡಿಲಿಸಿ, ಅಲ್ಲಿಂದ ಅದು ನಿಮ್ಮದು. ಆಕಸ್ಮಾತ್ ಮರಕ್ಕೆ ಸೇರಿಕೊಂಡರೆ ಎಳೆದಾಡಬೇಡಿ. ದಾರ ಸಡಿಲ ಬಿಟ್ಟು ಐದು ನಿಮಿಷ ಸುಮ್ಮನಿರಿ, ಕೆಲವೊಮ್ಮೆ ತಾನಾಗಿ ಹೊರಬರುತ್ತದೆ. ಬರಲಿಲ್ಲವೆಂದರೆ ಬ್ರೇಡನ್ನು ಕೋಲಿಗೆ ಸುತ್ತಿ ಎಳೆದು ಕೀಳಿ. ಕೈಗೆ ಸುತ್ತಿದಿರೋ, ಬೆರಳು ಮೂಳೆವರೆಗೆ ಕೊಯ್ಯುತ್ತದೆ.

ದಡಕ್ಕೆ ತಂದ ಮೀನಿಗೆ ದೊಡ್ಡ ಬಲೆ ಬೇಕು, ಗಂಟಿಲ್ಲದ ರಬ್ಬರ್ ಹೊದಿಕೆಯದ್ದಾದರೆ ಮೇಲು. ಕೆಳದವಡೆ ಹಿಡಿಯುವುದಾದರೆ ಗ್ಲೌಸ್ ಹಾಕಿ. ಹಲ್ಲು ಉಪ್ಪುಕಾಗದದ ಹಾಗೆ, ಒಮ್ಮೆ ತಲೆ ಕೊಡವಿದರೆ ಹೆಬ್ಬೆರಳಿನ ಚರ್ಮ ಇರುವುದಿಲ್ಲ. ಎದೆರೆಕ್ಕೆಯ ಮುಳ್ಳುಗಳ ಮೇಲೆ ಕಣ್ಣಿಡಿ. ದೊಡ್ಡದನ್ನು ದವಡೆಯಿಂದ ನೇತಾಡಿಸಿ ಫೋಟೊ ತೆಗೆಯಬೇಡಿ, ಹೊಟ್ಟೆಯ ಕೆಳಗೆ ಇನ್ನೊಂದು ಕೈ ಕೊಟ್ಟು ಅಡ್ಡ ಹಿಡಿಯಿರಿ.

ತಿನ್ನಲು? ಕಾನ್ಸಾಸ್‌ನಲ್ಲಿ ದಿನಕ್ಕೆ ಐದು ಫ್ಲ್ಯಾಟ್‌ಹೆಡ್ ಇಟ್ಟುಕೊಳ್ಳಬಹುದು. ಐದಾರು ಪೌಂಡಿನದ್ದು ಒಂದು ಮನೆಗೆ ತನ್ನಿ, ಬಿಳಿ ಮಾಂಸ, ಕ್ಯಾಟ್‌ಫಿಶ್‌ಗಳಲ್ಲೇ ರುಚಿ. 30, 40 ಪೌಂಡಿನದ್ದು ಹದಿನೈದು ಇಪ್ಪತ್ತು ವರ್ಷ ಬದುಕಿದ ಮೀನಾಗಿರಬಹುದು, ಕೊಬ್ಬಿನ ಪದರ ಜಾಸ್ತಿ, ರುಚಿ ಕಡಿಮೆ. ನಾನಂತೂ ಬಿಡುತ್ತೇನೆ. ಇದು ಇದರ ಸ್ವಂತ ಹೊಳೆ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ. ಪೂರ್ವದ ಕಡೆ, ಜಾರ್ಜಿಯಾದ ಸಟಿಲ್ಲಾದಂಥ ಹೊಳೆಗಳಿಗೆ ಯಾರೋ ತಂದುಬಿಟ್ಟ ಫ್ಲ್ಯಾಟ್‌ಹೆಡ್‌ಗಳು ಅಲ್ಲಿಯ ಸನ್‌ಫಿಶ್ಶನ್ನೆಲ್ಲ ತಿಂದುಹಾಕುತ್ತಿವೆ, ಸರ್ಕಾರವೇ ಹಿಡಿದು ತೆಗೆಯುತ್ತದೆ. ಅಲ್ಲಿ ಬಿಡಬೇಕಾಗಿಲ್ಲ.

ಕಾಲ ನೋಡಿ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ, ಮೇ ತಿಂಗಳಲ್ಲಿ, ಮೊಟ್ಟೆಗೆ ಮುಂಚೆ ಹೊಟ್ಟೆಬಾಕತನ ಶುರು. ಕಾಟನ್‌ವುಡ್ ಹತ್ತಿ ಗಾಳಿಯಲ್ಲಿ ಹಾರಿ ದಾರಕ್ಕೆಲ್ಲ ಅಂಟಿಕೊಳ್ಳುವ ಕಾಲವೂ ಅದರ ಆಸುಪಾಸಿನದೇ, ಕಿರಿಕಿರಿಯಾದರೂ ಹೋಗಿ. 70ರ ಮೇಲೆ, ಜೂನ್ ಮಧ್ಯದಿಂದ ಜುಲೈವರೆಗೆ, ಪೊಟರೆಗಳಲ್ಲಿ ಮೊಟ್ಟೆ ಇಟ್ಟು ಗಂಡು ಕಾವಲು ಕೂರುತ್ತದೆ, ಆಗ ಕಚ್ಚುವುದು ಬಹಳ ಕಡಿಮೆ. ಆಗಸ್ಟ್‌ನಿಂದ ಅಕ್ಟೋಬರ್ ಆರಂಭದವರೆಗೆ ಮತ್ತೆ ಸುಗ್ಗಿ. ನೀರು 50ಕ್ಕಿಂತ ಕೆಳಗಿಳಿದರೆ ಆಳದ ಮಡುಗಳಲ್ಲಿ ಒಟ್ಟಿಗೆ ಸೇರಿ ಅಲ್ಲಾಡದೆ ಬಿದ್ದಿರುತ್ತವೆ, ಗಾಳ ಒಳಗಿಡಿ.

ಹೊರಡುವ ಮುಂಚೆ ಯುಎಸ್‌ಜಿಎಸ್ (ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆ) ಕೊಡುವ ನೀರಿನ ಮಟ್ಟ ನೋಡಿ. ವಾಮಿಗೊ, ಟೊಪೀಕಾ, ಲಿಕಾಂಪ್ಟನ್, ಡಿ ಸೋಟೊ, ನಾಲ್ಕೂ ಕಡೆ ಮಾಪಕ ಇದೆ. ಟಟಲ್ ಕ್ರೀಕ್ ಅಥವಾ ಮಿಲ್‌ಫರ್ಡ್ ಜಲಾಶಯದ ಗೇಟ್ ತೆರೆದರೆ ಮೊದಲು ಮೇಲಿನ ವಾಮಿಗೊದಲ್ಲಿ ಏರುತ್ತದೆ, ಕೆಳಗಿರುವ ನಮಗೆ ಆಮೇಲೆ. ಅರ್ಧ ಅಡಿ, ಒಂದು ಅಡಿ ನಿಧಾನಕ್ಕೆ ಏರುತ್ತಿರುವ ಮಬ್ಬು ನೀರು ನನಗೆ ಬಹಳ ಇಷ್ಟ, ಮೀನು ಹಗಲಲ್ಲೂ ಓಡಾಡುತ್ತದೆ. ಮೂರ್ನಾಲ್ಕು ಅಡಿ ಏರಿ ದಿಮ್ಮಿ ತೇಲಿ ಬರುತ್ತಿದ್ದರೆ ಮನೆಯಲ್ಲಿರಿ. ಮರಳ ದಿಣ್ಣೆ ಮೇಲೆ ರಾತ್ರಿ ಕೂರುವವರು ನೀರಿನಂಚಿಗೆ ಒಂದು ಕಡ್ಡಿ ನೆಟ್ಟು ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡಬೇಕು.

ದೊಡ್ಡದೊಂದು ಸಿಕ್ಕ ರಾಶಿಗೆ ಮರುದಿನವೇ ಹೋಗಬೇಡಿ, ಎರಡು ಮೂರು ವಾರ ಬಿಡಿ. ಒಳ್ಳೆಯ ಮನೆ ಖಾಲಿ ಉಳಿಯುವುದಿಲ್ಲ, ಇನ್ನೊಂದು ಬಂದು ಸೇರಿಕೊಳ್ಳುತ್ತದೆ. ಮುಂದಿನ ಎರೆ ಹಾಕುವ ಮುಂಚೆ ಲೀಡರನ್ನು ಎರಡು ಬೆರಳ ನಡುವೆ ಎಳೆದು ನೋಡಿ. ಎಲ್ಲಿಯಾದರೂ ಒರಟು ತಾಗಿದರೆ ಕತ್ತರಿಸಿ ಹೊಸದು ಕಟ್ಟಿ.